ಗಾಳ ಮಾರುವವನ ರಾಜಕೀಯ

ನಮ್ಮ ಊರುಗಳ ಹೋಟೆಲು, ಕ್ಷೌರದಂಗಡಿಗಳಲ್ಲಿ ಒಂದು ಬೋರ್ಡು ಕಾಣುವುದುಂಟು: ‘ಇಲ್ಲಿ ರಾಜಕೀಯ ಮಾತನಾಡಬಾರದು.’ ಅದರ ಪಕ್ಕದಲ್ಲೇ ಇನ್ನೊಂದು: ‘ಇಂದು ನಗದು, ನಾಳೆ ಉದ್ರಿ.’ ಎರಡೂ ಅನುಭವದಿಂದ ಹುಟ್ಟಿದವು. ಸಾಲ ಕೊಟ್ಟರೆ ದುಡ್ಡೂ ಹೋಗುತ್ತದೆ, ಗಿರಾಕಿಯೂ ಹೋಗುತ್ತಾನೆ. ರಾಜಕೀಯ ಶುರುವಾದರೆ ಕಾಫಿ ಆರುತ್ತದೆ, ಬೆಂಚು ಖಾಲಿಯಾಗುವುದಿಲ್ಲ, ಕೊನೆಗೆ ಸ್ನೇಹಿತರಿಬ್ಬರು ಮಾತು ಬಿಟ್ಟು ಎದ್ದು ಹೋಗುತ್ತಾರೆ. ವ್ಯಾಪಾರಿ ಬುದ್ಧಿವಂತ; ಗೋಡೆಗೆ ಬೋರ್ಡು ತಗುಲಿಸಿ ಸುಮ್ಮನಾಗುತ್ತಾನೆ.

ಆದರೆ ಹವ್ಯಾಸದ ಸಾಮಾನು ಮಾರುವ ಅಂಗಡಿಯಲ್ಲಿ ಇಂಥ ಬೋರ್ಡು ಕಾಣುವುದು ಅಪರೂಪ. ಕಾರಣವಿದೆ. ಸೀಮೆಸುಣ್ಣವನ್ನೋ ಸೋಪನ್ನೋ ಕೊಳ್ಳುವವನು ಎರಡು ನಿಮಿಷದಲ್ಲಿ ಹೊರಡುತ್ತಾನೆ. ಗಾಳ ಕೊಳ್ಳಲು ಬಂದ ಹುಡುಗ ಹೊರಡುವುದಿಲ್ಲ. ಯಾವ ಮೀನಿಗೆ ಎಷ್ಟು ದೊಡ್ಡ ಕೊಕ್ಕೆ, ಎರೆಹುಳು ಒಳ್ಳೆಯದೋ ಹಿಟ್ಟಿನ ಉಂಡೆಯೋ ಎಂದು ಕೇಳುತ್ತಾ ನಿಲ್ಲುತ್ತಾನೆ. ಅಂಚೆಚೀಟಿ, ಹಳೆಯ ನಾಣ್ಯ, ಕ್ಯಾಮೆರಾ, ಹೂವಿನ ಗಿಡ, ಪುಸ್ತಕ, ಎಲ್ಲದರ ಕಥೆಯೂ ಇಷ್ಟೇ. ಯಾರೂ ನೇಮಿಸದೆ ಅಂಗಡಿಯಾತ ಮೇಷ್ಟರಾಗಿಬಿಡುತ್ತಾನೆ. ಮಕ್ಕಳ ಮೇಲೆ ಅವನ ಮಾತಿಗೆ ಇರುವ ತೂಕ ಎಷ್ಟೋ ಸಲ ಅಪ್ಪನ ಮಾತಿಗೂ ಇರುವುದಿಲ್ಲ.

ಹಾಗಿರುವಾಗ ಆತ ಕೊಕ್ಕೆಯ ಜತೆಗೆ ತನ್ನ ಪಕ್ಷವನ್ನೂ ಕಟ್ಟಿಕೊಟ್ಟರೆ? ಪುಸ್ತಕದ ಜತೆಗೆ ತನ್ನ ಸಿಟ್ಟನ್ನೂ ಸುತ್ತಿಕೊಟ್ಟರೆ? ಕೆಲವು ತಂದೆತಾಯಿಗಳು ‘ಆ ಅಂಗಡಿಗೆ ಹೋಗಬೇಡ’ ಎಂದು ಮಗನನ್ನು ತಡೆಯುತ್ತಾರೆ. ಬೆಂಗಳೂರಿನಲ್ಲಾದರೆ ಒಂದು ಅಂಗಡಿ ಬಿಟ್ಟರೆ ಇನ್ನೊಂದು ಸಿಕ್ಕೀತು. ಮೂಡಿಗೆರೆ, ಕಳಸದಂಥ ಊರಿನಲ್ಲಿ ಇಂಥ ಅಂಗಡಿ ಇದ್ದರೆ ಒಂದು, ಇಲ್ಲದಿದ್ದರೆ ಅದೂ ಇಲ್ಲ. ಅಲ್ಲಿಗೆ ಹೋಗುವುದು ನಿಂತರೆ ಹುಡುಗನ ಹವ್ಯಾಸವೇ ನಿಂತುಹೋಗುತ್ತದೆ. ಆದ್ದರಿಂದ ಈ ಪ್ರಶ್ನೆ ಸಣ್ಣದಲ್ಲ.

ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಮೂಡಿಗೆರೆಯಲ್ಲೇ ಒಬ್ಬರಿದ್ದರು. ಪೂರ್ಣಚಂದ್ರ ತೇಜಸ್ವಿ ಹುಟ್ಟಿದ್ದು 1938ರಲ್ಲಿ, ಕುಪ್ಪಳಿಯಲ್ಲಿ. ಎಂ.ಎ. ಮುಗಿಸಿದ ಮೇಲೆ ಕೆಲಸ ಹುಡುಕಿಕೊಂಡು ಪಟ್ಟಣ ಸೇರಲಿಲ್ಲ. ಮೂಡಿಗೆರೆಗೆ ಬಂದು ಕಾಫಿ ತೋಟ ಮಾಡಿದರು. 2007ರಲ್ಲಿ ತೀರಿಕೊಳ್ಳುವವರೆಗೂ ಅವರ ಹವ್ಯಾಸಗಳನ್ನು ಎಣಿಸಿ ಮುಗಿಸಲಾಗುತ್ತಿರಲಿಲ್ಲ: ಮೀನು ಹಿಡಿಯುವುದು, ಹಕ್ಕಿಗಳ ಫೋಟೋ ತೆಗೆಯುವುದು, ಚಿತ್ರ ಬರೆಯುವುದು, ಕೊನೆಗೆ ಕಂಪ್ಯೂಟರಿನಲ್ಲಿ ಕನ್ನಡ. ಅವರು ಹವ್ಯಾಸಿ ಮಾತ್ರವಲ್ಲ, ಒಂದರ್ಥದಲ್ಲಿ ವ್ಯಾಪಾರಿಯೂ ಹೌದು. ‘ಪುಸ್ತಕ ಪ್ರಕಾಶನ’ ಎಂಬ ತಮ್ಮದೇ ಸಂಸ್ಥೆಯಿಂದ ಪುಸ್ತಕಗಳನ್ನು ಹೊರತಂದರು. ಹಕ್ಕಿ, ಕಾಡು, ಮೀನು, ಮಹಾಯುದ್ಧ, ಪೆಸಿಫಿಕ್ ದ್ವೀಪಗಳು ಎಂದು ಶಾಲೆಯ ಹುಡುಗರು ಮುಗಿಬಿದ್ದು ಓದುವಂಥ ವಿಷಯಗಳ ಪುಸ್ತಕಗಳು ಆ ಪಟ್ಟಿಯಲ್ಲಿವೆ.

ಈ ಮನುಷ್ಯನಿಗೆ ರಾಜಕೀಯ ಅಭಿಪ್ರಾಯ ಇರಲಿಲ್ಲವೇ? ಬೇಕಾದಷ್ಟಿತ್ತು. ಅವರು ಲೋಹಿಯಾ ವಿಚಾರಗಳನ್ನು ಒಪ್ಪಿಕೊಂಡವರು, ರೈತ ಚಳವಳಿಯೊಡನೆ ಒಡನಾಡಿದವರು. 1973ರ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ತಾವು ನವ್ಯದ ದಾರಿ ಬಿಡುತ್ತಿರುವುದಾಗಿ ನೇರವಾಗಿಯೇ ಸಾರಿದರು. ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಚಿದಂಬರ ರಹಸ್ಯ’ದಲ್ಲಿ ಮಲೆನಾಡಿನ ಒಂದು ಸಣ್ಣ ಊರು ಜಾತಿ, ಧರ್ಮ, ಅಧಿಕಾರಗಳ ಜಗಳದಲ್ಲಿ ಹೇಗೆ ಬೇಯುತ್ತದೆಂದು ತೋರಿಸಿದರು. ಮುಚ್ಚುಮರೆ ಅವರ ಜಾಯಮಾನದಲ್ಲೇ ಇರಲಿಲ್ಲ.

ಹಾಗಿದ್ದೂ ಅವರ ಹಕ್ಕಿಯ ಪುಸ್ತಕ ಹಕ್ಕಿಯ ಪುಸ್ತಕವೇ. ‘ನೀನು ಯಾರಿಗೆ ಓಟು ಹಾಕುತ್ತೀಯ?’ ಎಂದು ಅದು ಓದುಗನನ್ನು ಕೇಳುವುದಿಲ್ಲ. ಲೋಹಿಯಾ ಹೆಸರನ್ನೇ ಕೇಳದ ಹುಡುಗಿ ಮಿಂಚುಳ್ಳಿಯನ್ನು ಗುರುತಿಸಲು ಕಲಿಯಬಹುದು. ಲೇಖಕರ ಅಭಿಪ್ರಾಯಗಳನ್ನು ಒಂದನ್ನೂ ಒಪ್ಪದವನು ‘ಕರ್ವಾಲೊ’ದ ಹಾರುವ ಓತಿಯ ಹಿಂದೆ ಕಾಡು ಅಲೆದು ಬರಬಹುದು. ಅಭಿಪ್ರಾಯ ಇದ್ದಲ್ಲಿ ಅದು ಅಭಿಪ್ರಾಯವೆಂದು ಕಾಣುವಂತೆ ಇತ್ತು. ಸರಕು ಇದ್ದಲ್ಲಿ ಸರಕು ಸಾಚಾ ಇತ್ತು.

ಘಟ್ಟದ ಕೆಳಗೂ ಇಂಥದೇ ಒಂದು ಉದಾಹರಣೆಯಿದೆ. ಪುತ್ತೂರಿನ ಶಿವರಾಮ ಕಾರಂತರು ಸ್ವಂತ ಮುದ್ರಣಾಲಯ ಇಟ್ಟುಕೊಂಡು ತಮ್ಮ ಪುಸ್ತಕ ತಾವೇ ಅಚ್ಚು ಹಾಕಿಸಿದವರು. 1930ರ ದಶಕದಲ್ಲೇ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಕನ್ನಡದ ಮಕ್ಕಳ ಕೈಗಿಟ್ಟರು. ಅದೇ ಕಾರಂತರು ತುರ್ತು ಪರಿಸ್ಥಿತಿಯನ್ನು ವಿರೋಧಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದರು. ಕೈಗಾ ಅಣುಸ್ಥಾವರ ಬೇಡವೆಂದು 1989ರಲ್ಲಿ ಲೋಕಸಭೆಗೆ ನಿಂತು ಸೋತರು. ಅಣುಸ್ಥಾವರ ಬೇಕೆನ್ನುವ ಮನೆಯ ಕಪಾಟಿನಲ್ಲೂ ‘ಬಾಲ ಪ್ರಪಂಚ’ ಇದ್ದರೆ ಅದರಲ್ಲೇನು ವಿಚಿತ್ರ? ಕಾರಂತರ ರಾಜಕೀಯವನ್ನು ಒಪ್ಪದಿದ್ದರೂ ಅವರು ತಿಳಿಸಿದ ನಕ್ಷತ್ರ, ಪ್ರಾಣಿಗಳ ವಿಷಯ ಸುಳ್ಳಾಗುವುದಿಲ್ಲವಲ್ಲ.

ಹಾಗಾದರೆ ರಾಜಕೀಯವನ್ನು ಹವ್ಯಾಸದಿಂದ ಪೂರ್ತಿ ಹೊರಗಿಡಬಹುದೇ? ಕಾಫಿ ಸೀಮೆಯಲ್ಲಿ ಬದುಕಿದವರು ಹಾಗೆ ಹೇಳಲಾರರು. ಇಲ್ಲಿ ಬೆಳೆದ ಕಾಫಿಯನ್ನೇ ನೋಡಿ. 1942ರ ಕಾಫಿ ಕಾಯಿದೆ ಬಂದ ಮೇಲೆ ಬೆಳೆಗಾರ ತನ್ನ ಕಾಫಿಯನ್ನು ಮಂಡಳಿಯ ಪೂಲ್‌ಗೆ ಕೊಡಬೇಕಿತ್ತು. ಮನೆಬಳಕೆಗೂ ಬಿತ್ತನೆಗೂ ಒಂದಿಷ್ಟು ಉಳಿಸಿಕೊಳ್ಳಬಹುದಿತ್ತು, ಅಷ್ಟೆ. 1990ರ ದಶಕದಲ್ಲಿ ಹಂತಹಂತವಾಗಿ ಸಡಿಲವಾಗಿ, 1996ರಲ್ಲಿ ಪೂರ್ತಿ ಮುಕ್ತ ಮಾರಾಟ ಬಂತು. ತನ್ನ ತೋಟದ ಕಾಫಿಯನ್ನು ತಾನೇ ಹುರಿದು, ಪುಡಿ ಮಾಡಿ, ಪ್ಯಾಕೆಟ್ಟಿನ ಮೇಲೆ ತೋಟದ ಹೆಸರು ಬರೆದು ಶೋಕಿಗಾಗಿ ಮಾರುವ ಇಂದಿನ ಬೆಳೆಗಾರನ ಹವ್ಯಾಸವೂ ಆ ಒಂದು ರಾಜಕೀಯ ತೀರ್ಮಾನದಿಂದ ಸಾಧ್ಯವಾದದ್ದು.

ಬೆಟ್ಟ ಹತ್ತುವ ಹವ್ಯಾಸವೂ ಹಾಗೆಯೇ. ಕುದುರೆಮುಖದಲ್ಲಿ ಕಬ್ಬಿಣದ ಅದಿರು ತೆಗೆಯಲು 1976ರಲ್ಲಿ ಕಂಪೆನಿ ಸ್ಥಾಪನೆಯಾಯಿತು. ಸುಪ್ರೀಂ ಕೋರ್ಟಿನ 2002ರ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಗುಡ್ಡ ಉಳಿಯಿತೆಂದು ಚಾರಣಿಗ ಹಿಗ್ಗಿದರೆ, ಕಂಪೆನಿಯ ಸಂಬಳ ನಂಬಿದ್ದ ಮನೆಯಲ್ಲಿ ಅದೇ ಸುದ್ದಿ ಕಣ್ಣೀರು ತರಿಸಿತು. ಆಮೇಲೆ ಪಶ್ಚಿಮ ಘಟ್ಟದ ವರದಿಗಳು ಬಂದವು: 2011ರಲ್ಲಿ ಗಾಡ್ಗೀಳ್, 2013ರಲ್ಲಿ ಕಸ್ತೂರಿರಂಗನ್. ಕೇಂದ್ರದ ಕರಡು ಅಧಿಸೂಚನೆ ಕರ್ನಾಟಕದ 20,668 ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಗುರುತಿಸಿತು; 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಹೋಂಸ್ಟೇ ನಡೆಸಿ ಪಟ್ಟಣದವರಿಗೆ ಕಾಡು ತೋರಿಸುವವನಿಗೆ ಈ ವಿಷಯದಲ್ಲಿ ಅಭಿಪ್ರಾಯವೇ ಇರಬಾರದು ಎಂದರೆ ಹೇಗೆ? ಅವನ ಮನೆ, ತೋಟ, ಮಕ್ಕಳ ನಾಳೆ ಎಲ್ಲವೂ ಆ ನಕ್ಷೆಯ ಒಳಗೇ ಇವೆ.

ಗಾಳ ಮಾರುವವನನ್ನೇ ತೆಗೆದುಕೊಳ್ಳಿ. ಮುಂಗಾರಿನ ಮೊದಲ ಹೊಸನೀರಿಗೆ ಮೀನು ಹತ್ತುವ ಕಾಲದಲ್ಲಿ ಅವನು, ‘ಗಾಳ ಹಾಕಿ, ಆದರೆ ಹೊಳೆಗೆ ಸಿಡಿಮದ್ದು ಹಾಕಬೇಡಿ, ವಿಷ ಬೆರೆಸಬೇಡಿ’ ಎಂದರೆ ಅದು ವ್ಯಾಪಾರದ ಮಾತೋ ರಾಜಕೀಯವೋ? 1897ರ ಮೀನುಗಾರಿಕೆ ಕಾಯಿದೆಯೇ ಅವೆರಡನ್ನೂ ಅಪರಾಧವೆಂದಿದೆ. ಮದ್ದು ಸಿಡಿಸುವವನಿಗೆ ಊರಿನ ದೊಡ್ಡವರ ಬೆಂಬಲವಿದ್ದರೆ ಮಾತ್ರ ಆ ಮಾತು ರಾಜಕೀಯವಾಗಿ ಕೇಳಿಸುತ್ತದೆ. ಇಂಥ ಮಾತಾಡುವವನನ್ನು ‘ಕೊಕ್ಕೆ ಮಾರಿಕೊಂಡು ತೆಪ್ಪಗಿರು’ ಎನ್ನುವುದು ಅನ್ಯಾಯ. ಅದು ಅವನ ಕಸುಬಿನ ಒಳಗಿನಿಂದ ಬಂದ ಮಾತು.

ಕಸುಬಿನ ಒಳಗಿನಿಂದ ಬಂದ ಮಾತಿಗೆ ಹೊರದೇಶದ ಒಂದು ಉದಾಹರಣೆಯೂ ಪ್ರಸಿದ್ಧವಾಗಿದೆ. ಅಮೆರಿಕದ ಈವಾನ್ ಶುನಾರ್ಡ್ ಬಂಡೆ ಹತ್ತುವ ಹವ್ಯಾಸಿ. ಕುಲುಮೆ ಇಟ್ಟುಕೊಂಡು ಬಂಡೆಯ ಬಿರುಕಿಗೆ ಹೊಡೆಯುವ ಉಕ್ಕಿನ ಮೊಳೆಗಳನ್ನು ಮಾಡಿ ಮಾರುತ್ತಿದ್ದರು. ಆ ಮೊಳೆಗಳನ್ನು ಹೊಡೆದು, ಕಿತ್ತು, ಮತ್ತೆ ಹೊಡೆದು ಬಂಡೆಗಳು ಹಾಳಾಗುತ್ತಿರುವುದು ಕಣ್ಣಿಗೆ ಬಿತ್ತು. ತಮ್ಮ ವ್ಯಾಪಾರದ ದೊಡ್ಡ ಪಾಲೇ ಅದಾಗಿದ್ದರೂ ಅದರಿಂದ ಹಿಂದೆ ಸರಿಯಲು ನಿರ್ಧರಿಸಿದರು. 1972ರ ತಮ್ಮ ಮಾಲಿನ ಪಟ್ಟಿಯಲ್ಲಿ, ಬಂಡೆಗೆ ಗಾಯವಾಗದಂತೆ ಹತ್ತುವುದು ಹೇಗೆಂಬ ದೀರ್ಘ ಲೇಖನವನ್ನೇ ಅಚ್ಚು ಹಾಕಿಸಿದರು. ಅವರು ಮುಂದೆ ಕಟ್ಟಿದ ಪೆಟಗೋನಿಯಾ ಕಂಪೆನಿ 2017ರಲ್ಲಿ, ರಕ್ಷಿತ ಭೂಮಿಯನ್ನು ಕುಗ್ಗಿಸಿದ ಅಧ್ಯಕ್ಷರ ವಿರುದ್ಧವೇ ಬಹಿರಂಗವಾಗಿ ನಿಂತಿತು. ಎರಡನೆಯದನ್ನು ಒಪ್ಪುವವರೂ ಇದ್ದಾರೆ, ಬಯ್ಯುವವರೂ ಇದ್ದಾರೆ. ಮೊದಲನೆಯದಕ್ಕೆ ಮಾತ್ರ ತಲೆದೂಗದವರು ಕಡಿಮೆ. ಅಲ್ಲಿ ಅಭಿಪ್ರಾಯಕ್ಕೆ ತೆರಬೇಕಾದ ಬೆಲೆಯನ್ನು ಮಾರುವವನೇ ತೆತ್ತಿದ್ದ.

ಇದಕ್ಕೆ ಬೇರೆಯದೇ ಬಗೆಯ ಸಂಗತಿಯೂ ಅಲ್ಲಿಯೇ ನಡೆದಿದೆ. ಉಣ್ಣೆ ಹೆಣೆಯುವ ಹವ್ಯಾಸಿಗಳು ಹೆಣಿಗೆಯ ಮಾದರಿಗಳನ್ನು ಕೊಂಡು, ಮಾರಿ, ಹರಟುವ ‘ರಾವೆಲ್ರಿ’ ಎಂಬ ತಾಣವೊಂದಿದೆ. 2019ರ ಜೂನಿನಲ್ಲಿ ಅದರ ನಡೆಸುವವರು, ಅಂದಿನ ಅಧ್ಯಕ್ಷ ಟ್ರಂಪ್ ಅವರಿಗೂ ಅವರ ಸರ್ಕಾರಕ್ಕೂ ಬೆಂಬಲ ಸೂಚಿಸುವ ಬರಹ, ಮಾದರಿಗಳನ್ನು ನಿಷೇಧಿಸಿದರು. ಆ ಸರ್ಕಾರಕ್ಕೆ ಬೆಂಬಲವೆಂದರೆ ಬಿಳಿಯರ ಶ್ರೇಷ್ಠತೆಗೆ ಬೆಂಬಲವೆಂಬುದು ಅವರು ಕೊಟ್ಟ ಕಾರಣ. ಬೆಂಬಲಿಗರು ತಾಣದಲ್ಲಿ ಇರಬಹುದು, ಆದರೆ ಆ ಮಾತು ಇಲ್ಲಿ ಆಡಬಾರದು ಎಂದರು. ಕಾರಣ ಸರಿಯೋ ತಪ್ಪೋ ಎಂಬ ವಾದ ಒಂದು ಕಡೆ ಇರಲಿ. ಒಂದೇ ಬಗೆಯ ಹೊಲಿಗೆ ಹಾಕುವ ಇಬ್ಬರು ಹೆಂಗಸರು ಇನ್ನು ಮುಂದೆ ಒಂದೇ ಜಗಲಿಯಲ್ಲಿ ಕೂರುವುದು ಕಷ್ಟವಾಯಿತು ಎಂಬುದಂತೂ ನಿಜ.

ಹವ್ಯಾಸದ ದೊಡ್ಡ ಉಪಕಾರವೇ ಈ ಜಗಲಿ. ನಮ್ಮ ಕಾಫಿ ನಾಡಿನಲ್ಲಿ ತೋಟದ ಸಾಹುಕಾರರ ಮಗನೂ ಲೈನ್‌ಮನೆಯ ಹುಡುಗನೂ ಸಮನಾಗಿ ನಿಲ್ಲುವ ಜಾಗಗಳು ಎಷ್ಟಿವೆ? ಶಾಲೆಗಳು ಬೇರೆ ಬೇರೆ, ಮದುವೆಮನೆಯ ಪಂಕ್ತಿಗಳು ಬೇರೆ ಬೇರೆ. ಭದ್ರಾ ಹೊಳೆಯ ದಡದಲ್ಲಿ ಗಾಳ ಹಿಡಿದು ಕೂತಾಗ ಮಾತ್ರ ಮೀನು ಯಾರ ಕೊಕ್ಕೆ ಕಚ್ಚಿತು ಎಂಬುದಷ್ಟೇ ಲೆಕ್ಕ. ಗಾಳದ ಅಂಗಡಿಯ ಕಟ್ಟೆಯಲ್ಲೂ ಹಾಗೆಯೇ. ಅಂಗಡಿಯವನು ಆ ಕಟ್ಟೆಯನ್ನು ಒಂದು ಪಕ್ಷಕ್ಕೆ ಬರೆದುಕೊಟ್ಟರೆ, ಮೊದಲು ದೂರವಾಗುವವನು ಮಾತು ಬಾರದ ಬಡ ಹುಡುಗ. ವಾದ ಮಾಡುವ ಜಾಣರು ಹೇಗೂ ಉಳಿದುಕೊಳ್ಳುತ್ತಾರೆ.

ಆದ್ದರಿಂದ ವಿದ್ಯಾರ್ಥಿಗಳು ಇಂಥ ಅಂಗಡಿಯಲ್ಲಿ ನಿಂತಾಗ ಮನಸ್ಸಿನಲ್ಲೇ ಎರಡು ಲೆಕ್ಕ ಬೇರೆ ಬೇರೆ ಇಡುವುದನ್ನು ಕಲಿಯಬೇಕು. ಸರಕು ಒಳ್ಳೆಯದೇ, ಬೆಲೆ ನ್ಯಾಯವೇ ಎಂಬುದು ಒಂದು. ಈತ ಹೇಳುತ್ತಿರುವುದು ನಿಜವೇ ಎಂಬುದು ಇನ್ನೊಂದು. ಒಳ್ಳೆಯ ಕೊಕ್ಕೆ ಕೊಟ್ಟನೆಂದು ಅವನ ರಾಜಕೀಯ ಸರಿಯಾಗುವುದಿಲ್ಲ. ಅವನ ರಾಜಕೀಯ ಹಿಡಿಸಲಿಲ್ಲವೆಂದು ಕೊಕ್ಕೆ ಮೊಂಡಾಗುವುದಿಲ್ಲ. ‘ನಮ್ಮವನು’ ಎಂಬ ಒಂದೇ ಕಾರಣಕ್ಕೆ ಕಳಪೆ ಸರಕಿಗೆ ಹೆಚ್ಚು ಬೆಲೆ ಕೊಡುವಂತಾದರೆ, ಅಲ್ಲಿ ರಾಜಕೀಯವೇ ಸರಕು ಎಂದು ತಿಳಿಯಿರಿ. ಇನ್ನೊಂದನ್ನೂ ಗಮನಿಸಿ. ಅವನ ಅಭಿಪ್ರಾಯ ಅವನಿಗೆ ಗೊತ್ತಿರುವ ಹೊಳೆ, ಹಕ್ಕಿ, ಗುಡ್ಡದಿಂದ ಬಂದದ್ದೋ, ನಿನ್ನೆ ರಾತ್ರಿ ಯಾರೋ ಕಳಿಸಿದ ಸಂದೇಶದಿಂದ ಬಂದದ್ದೋ? ಮೊದಲನೆಯದನ್ನು ಕಿವಿಗೊಟ್ಟು ಕೇಳಿ, ಒಪ್ಪದಿದ್ದರೂ ಕೇಳಿ. ಎರಡನೆಯದಕ್ಕೆ ‘ಹೌದಾ ಸಾರ್’ ಎಂದು ಚಿಲ್ಲರೆ ಎಣಿಸಿಕೊಂಡು ಬನ್ನಿ.

ತಂದೆತಾಯಂದಿರಿಗೂ ಒಂದು ಮಾತು. ಮಗ ಅಂಗಡಿಯಿಂದ ಹೊಸ ಅಭಿಪ್ರಾಯವೊಂದನ್ನು ಹೊತ್ತು ತಂದರೆ ಗಾಬರಿಯಾಗಬೇಡಿ, ಅಂಗಡಿಯನ್ನು ಬಹಿಷ್ಕರಿಸಲೂ ಹೊರಡಬೇಡಿ. ‘ಯಾಕೆ ಹಾಗಂತಾರೆ? ನಿನಗೇನನ್ನಿಸುತ್ತೆ?’ ಎಂದು ರಾತ್ರಿ ಊಟದ ಹೊತ್ತಿನಲ್ಲಿ ಕೇಳಿ. ಅಂಗಡಿಯವನು ಮಕ್ಕಳೆದುರು ಯಾವುದಾದರೂ ಜಾತಿಯನ್ನೋ ಧರ್ಮವನ್ನೋ ಹೀನಾಯವಾಗಿ ಬಯ್ಯುತ್ತಿದ್ದರೆ, ಯಾರಿಗಾದರೂ ಸಾಮಾನು ಕೊಡಲು ನಿರಾಕರಿಸುತ್ತಿದ್ದರೆ ಆಗ ನೀವೇ ಹೋಗಿ ಎದುರಿಗೇ ಹೇಳಿ. ಅದು ಅಭಿಪ್ರಾಯವಲ್ಲ, ಅವಮಾನ. ಅದನ್ನು ಮಗ ನೋಡುತ್ತಿರುವಾಗಲೇ ಹೇಳಿದರೆ ಇನ್ನೂ ಒಳ್ಳೆಯದು.

ಇನ್ನು ಅಂಗಡಿಯವರು. ‘ರಾಜಕೀಯ ಮಾತನಾಡಬಾರದು’ ಎಂಬ ಬೋರ್ಡನ್ನು ನೀವೂ ತಗುಲಿಸಬೇಕಾಗಿಲ್ಲ. ಹೊಳೆಯ ಬಗ್ಗೆ, ಕಾಡಿನ ಬಗ್ಗೆ ನೀವು ಬಾಯಿ ಮುಚ್ಚಿದರೆ ಮಕ್ಕಳಿಗೆ ಹೇಳುವವರು ಬೇರೆ ಯಾರಿದ್ದಾರೆ? ಮಾತಾಡಿ. ಆದರೆ ನಿಮ್ಮ ಮಾತನ್ನು ಒಪ್ಪದ ಹುಡುಗನಿಗೂ ಒಪ್ಪಿದವನಿಗೆ ಕೊಟ್ಟ ಕೊಕ್ಕೆಯನ್ನೇ, ಅದೇ ಬೆಲೆಗೆ, ಅದೇ ಮುಖದಿಂದ ಕೊಡಿ. ಅವನು ಮರುದಿನವೂ ನಿಮ್ಮ ಕಟ್ಟೆಗೆ ಬಂದು ನಿಂತನೆಂದರೆ ನಿಮ್ಮ ವ್ಯಾಪಾರವೂ ಸರಿಯಾಗಿದೆ, ರಾಜಕೀಯವೂ ಸರಿಯಾಗಿದೆ.