ಬ್ಯಾಂಕೋ? ಪತ್ತಿನ ಸಂಘವೋ?

ಮಕ್ಕಳೇ, ಅಜ್ಜಿಯ ಪಾಸ್‌ಬುಕ್ ತಂದು ಮೇಲಿನ ಹೆಸರು ಓದಿ. ‘ಬ್ಯಾಂಕ್’ ಎಂದಿದೆಯೋ, ‘ಪತ್ತಿನ ಸಹಕಾರ ಸಂಘ’ ಎಂದಿದೆಯೋ?

ಸಂಘವೆಂದರೆ ನನಗೇನೂ ಅಸಡ್ಡೆಯಿಲ್ಲ. ಗದಗದ ಬಳಿಯ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದರು. ಸಾಲಕ್ಕಾಗಿ ಸಾಹುಕಾರನ ಬಾಗಿಲು ಕಾಯುವುದು ತಪ್ಪಲೆಂದೇ ಇಂಥ ಸಂಘಗಳು ಹುಟ್ಟಿದ್ದು. ಅಲ್ಲಿ ಸದಸ್ಯರೇ ಒಡೆಯರು. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಹೂವು ಮಾರುವಾಕೆ ಹತ್ತು ಸಾವಿರ ಕೇಳಿದರೆ ಕಾರ್ಯದರ್ಶಿಗೆ ಆಕೆಯ ಮನೆ, ವ್ಯಾಪಾರ ಎಲ್ಲ ಗೊತ್ತು. ನಾವು ಬ್ಯಾಂಕಿನವರು ಮೊದಲು ಕಾಗದಪತ್ರ ಕೇಳುತ್ತಿದ್ದೆವು!

ಠೇವಣಿಯ ಮಾತು ಮಾತ್ರ ಬೇರೆ. ಬ್ಯಾಂಕು ಮುಳುಗಿದರೆ, ಅದು ಸಹಕಾರಿ ಬ್ಯಾಂಕೇ ಆಗಿರಲಿ, ಅಸಲು ಬಡ್ಡಿ ಸೇರಿ ಒಬ್ಬರಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ. 2020ಕ್ಕೆ ಮೊದಲು ಅದು 1 ಲಕ್ಷವಿತ್ತು. ಪತ್ತಿನ ಸಂಘದ ಠೇವಣಿಗೆ ಈ ವಿಮೆ ಇಲ್ಲ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಒಂದೂವರೆ ಪರ್ಸೆಂಟ್ ಬಡ್ಡಿ ಜಾಸ್ತಿ ಸಿಗುತ್ತದೆಂದು ಗ್ರಾಚ್ಯುಟಿ ಹಣವನ್ನೆಲ್ಲ ಒಂದು ಸಂಘದಲ್ಲಿಟ್ಟರು. ಈಗ ಅದಕ್ಕೆ ಬೀಗ. ಅವರ ಮಂಡಿಯ ಆಪರೇಷನ್ ಮುಂದಕ್ಕೆ ಹೋಗುತ್ತಲೇ ಇದೆ.

ಪಾಸ್‌ಬುಕ್ಕಿನಲ್ಲಿ ‘ಸಂಘ’ ಎಂದಿದ್ದರೆ, ಔಷಧಿಗೆಂದು ತೆಗೆದಿಟ್ಟ ದುಡ್ಡು ಅಲ್ಲಿ ಎಷ್ಟಿದೆ ಎಂದು ಅಜ್ಜಿಯನ್ನು ಇವತ್ತೇ ಕೇಳಿ.