ವಿಜಯದಶಮಿಯ ಪುಸ್ತಕ ಸಂತೆ

ವಿಜಯದಶಮಿ ಎಂದರೆ ನಮಗೆ ಮೈಸೂರಿನ ಜಂಬೂಸವಾರಿ. ಅದೇ ಹೊತ್ತಿಗೆ ನಾಗಪುರದ ದೀಕ್ಷಾಭೂಮಿಯಲ್ಲಿ ಲಕ್ಷಾಂತರ ಜನ ಸೇರುತ್ತಾರೆ. 1956ರ ವಿಜಯದಶಮಿಯಂದೇ, ಅಕ್ಟೋಬರ್ 14ರಂದು, ಬಾಬಾಸಾಹೇಬ್ ಅಂಬೇಡ್ಕರರು ತಮ್ಮ ಜನರೊಂದಿಗೆ ಬೌದ್ಧ ಧಮ್ಮ ಸ್ವೀಕರಿಸಿದ ನೆಲ ಅದು. ವಿದರ್ಭ, ಮರಾಠವಾಡದ ಹಳ್ಳಿಗಳವರ ನಡುವೆ ನಮ್ಮ ಬೀದರ್, ಕಲಬುರಗಿ ಕಡೆಯ ಮಾತೂ ಕಿವಿಗೆ ಬೀಳುತ್ತದೆ. ಸ್ತೂಪಕ್ಕೆ ನಮಿಸಿ ಹೊರಬಂದವರು ಮುತ್ತುವುದು ಪುಸ್ತಕದ ಮಳಿಗೆಗಳನ್ನು.

ಬೇರೆ ಜಾತ್ರೆಗಳಿಂದ ಬೆಂಡು-ಬತ್ತಾಸು ಕಟ್ಟಿಸಿಕೊಂಡು ಬರುವ ಹಾಗೆ ಇಲ್ಲಿಂದ ಪುಸ್ತಕ ಕಟ್ಟಿಸಿಕೊಂಡು ಹೋಗುತ್ತಾರೆ. ಇಪ್ಪತ್ತೆರಡು ಪ್ರತಿಜ್ಞೆಗಳ ಕಿರುಹೊತ್ತಿಗೆ, ಬುದ್ಧನ ಚರಿತ್ರೆ, ಸಂವಿಧಾನ, ಅಂಬೇಡ್ಕರರ ಬರಹ-ಭಾಷಣಗಳ ದಪ್ಪ ಸಂಪುಟಗಳು. ಕೂಲಿ ಮಾಡಿ ಉಳಿಸಿದ ದುಡ್ಡನ್ನು ಸೆರಗಿನ ಗಂಟಿನಿಂದ ಬಿಚ್ಚಿಕೊಡುವವರಿದ್ದಾರೆ. ಅಕ್ಷರ ಬಾರದವರೂ ಕೊಳ್ಳುತ್ತಾರೆ. ಓದಿ ಹೇಳುವುದಕ್ಕೆ ಮನೆಯಲ್ಲಿ ಮೊಮ್ಮಕ್ಕಳಿರುತ್ತಾರೆ. ಇಲ್ಲಿ ಹಾಜರಿ ಪುಸ್ತಕವಿಲ್ಲ, ಪರೀಕ್ಷೆಯಿಲ್ಲ, ಪ್ರಮಾಣಪತ್ರವಿಲ್ಲ. ಆದರೂ ಬಾಳಿನುದ್ದಕ್ಕೂ ಕಲಿಯುವುದೆಂದರೇನು ಎಂದು ಯಾರಾದರೂ ಕೇಳಿದರೆ ಮೊದಲು ತೋರಿಸಬೇಕಾದ ಜಾಗ ಇದೇ.

ಇದು ದಿಢೀರನೆ ಹುಟ್ಟಿದ್ದಲ್ಲ. 1942ರ ಜುಲೈನಲ್ಲಿ ಇದೇ ನಾಗಪುರದಲ್ಲಿ ನಡೆದ ಶೋಷಿತ ವರ್ಗಗಳ ಅಖಿಲ ಭಾರತ ಸಮ್ಮೇಳನದಲ್ಲಿ ಅಂಬೇಡ್ಕರರು ತಮ್ಮ ಜನಕ್ಕೆ ಶಿಕ್ಷಣ, ಹೋರಾಟ, ಸಂಘಟನೆಯ ಕರೆ ಕೊಟ್ಟರು. ಶಿಕ್ಷಣವೇ ಮೊದಲು. ಆ ಕರೆ ಶಾಲೆಗೆ ಹೋಗುವ ಮಕ್ಕಳಿಗೆ ಮಾತ್ರವಲ್ಲ, ಎದುರಿಗೆ ಕೂತಿದ್ದ ದೊಡ್ಡವರಿಗೂ ಇತ್ತು. 2011ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ಸುಮಾರು ಶೇ. 73 ಇದ್ದಾಗ ಬೌದ್ಧರದು ಶೇ. 81 ದಾಟಿತ್ತು. ಈ ಅಂಕಿಯ ಹಿಂದೆ ಮಳಿಗೆಗಳ ಮುಂದಿನ ಆ ನೂಕುನುಗ್ಗಲಿನ ಪಾಲೂ ಇದೆ.

ಹೊರಗಿನ ದೇಶಗಳ ಕಥೆಯೂ ಇದಕ್ಕೆ ದೂರದ್ದಲ್ಲ. ಡೆನ್ಮಾರ್ಕಿನಲ್ಲಿ ಗ್ರುಂಟ್ವಿಗ್ ಎಂಬ ಪಾದ್ರಿಯ ವಿಚಾರಗಳಿಂದ ಹುಟ್ಟಿದ ಮೊದಲ ಜನತಾ ವಿದ್ಯಾಲಯ 1844ರಲ್ಲಿ ರೋಡಿಂಗ್‌ನಲ್ಲಿ ಶುರುವಾಯಿತು. ಅದು ಜರ್ಮನ್ ಒತ್ತಡದಲ್ಲಿ ಡೇನಿಷ್ ನುಡಿ ನಲುಗುತ್ತಿದ್ದ ಗಡಿನಾಡು. ಅಲ್ಲಿ ರೈತರ ಮಕ್ಕಳು ಪರೀಕ್ಷೆಯ ಗೊಡವೆಯಿಲ್ಲದೆ ತಮ್ಮ ಭಾಷೆ, ಚರಿತ್ರೆ ಕಲಿತರು. ಸ್ವೀಡನ್ನಿನ ಅಧ್ಯಯನ ವೃತ್ತಗಳು 20ನೇ ಶತಮಾನದ ಆರಂಭದಲ್ಲಿ ಬೆಳೆದದ್ದು ಪಾನನಿರೋಧ ಚಳವಳಿಯ ಮಡಿಲಲ್ಲಿ. ಯುದ್ಧದಲ್ಲಿ ಸೋತ ಜಪಾನ್ 1949ರಲ್ಲಿ ಕಾನೂನು ತಂದು ಊರೂರಿನ ಕಲಿಕಾ ಮನೆಗಳಿಗೆ ಬುನಾದಿ ಹಾಕಿತು. ಸಿಂಗಾಪುರ 2015ರಲ್ಲಿ ಸ್ಕಿಲ್ಸ್‌ಫ್ಯೂಚರ್ ಯೋಜನೆ ಆರಂಭಿಸಿ, 25 ವರ್ಷ ತುಂಬಿದ ಪ್ರಜೆಗಳಿಗೆ ತರಬೇತಿಗೆಂದು 500 ಸಿಂಗಾಪುರ ಡಾಲರ್ ಕೊಟ್ಟಿತು. ಒಂದು ಕಡೆ ಮಾನದ ಪ್ರಶ್ನೆ, ಇನ್ನೊಂದು ಕಡೆ ನೌಕರಿಯ ಪ್ರಶ್ನೆ. ಎರಡೂ ಬೇಕಾದವೇ. ಆದರೆ ನೌಕರಿಗಾಗಿ ಕಲಿತದ್ದು ನೌಕರಿ ಬದಲಾದರೆ ಹಳತಾಗುತ್ತದೆ; ಮಾನಕ್ಕಾಗಿ ಕಲಿತದ್ದು ಮುಂದಿನ ತಲೆಮಾರಿಗೂ ದಾಟುತ್ತದೆ.

ನಾಗಪುರದ ಮಗ್ಗುಲಲ್ಲೇ ವಾರ್ಧಾ ಇದೆ. 1937ರಲ್ಲಿ ಅಲ್ಲಿ ರೂಪುಗೊಂಡ ಗಾಂಧೀಜಿಯವರ ನಯೀ ತಾಲೀಮ್ ಶಿಕ್ಷಣ ಪದ್ಧತಿ ಮಕ್ಕಳಿಗೆಂದು ಆರಂಭವಾದರೂ, 1945ರ ಸೇವಾಗ್ರಾಮದ ಸಮ್ಮೇಳನದ ಹೊತ್ತಿಗೆ ಗಾಂಧೀಜಿ ಅದನ್ನು ಮನುಷ್ಯನ ಇಡೀ ಆಯುಷ್ಯಕ್ಕೆ ಹಿಗ್ಗಿಸಿದ್ದರು. ಗಾಂಧಿ, ಅಂಬೇಡ್ಕರರ ನಡುವೆ ಎಷ್ಟೇ ಜಗಳವಿರಲಿ, ಕಲಿಕೆ ಶಾಲೆಯ ಗಂಟೆಗೆ ಮುಗಿಯುವುದಿಲ್ಲ ಎಂಬಲ್ಲಿ ಇಬ್ಬರದೂ ಒಂದೇ ದಾರಿ.

ನಮ್ಮಲ್ಲೂ ಈ ಹಂಬಲ ಇತ್ತು. ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿ 1947ರಲ್ಲಿ ಡೆನ್ಮಾರ್ಕಿನ ಮಾದರಿಯಲ್ಲೇ ನಂಜನಗೂಡಿನಲ್ಲಿ ವಿದ್ಯಾಪೀಠ ತೆರೆಯಿತು. ಹೊಸದಾಗಿ ಅಕ್ಷರ ಕಲಿತವರಿಗೆಂದು ‘ಬೆಳಕು’ ಪತ್ರಿಕೆ ನಡೆಸಿತು. ಆಮೇಲಿನ ಎಷ್ಟೋ ಸಾಕ್ಷರತಾ ಆಂದೋಲನಗಳು ಹೆಬ್ಬೆಟ್ಟನ್ನು ರುಜುವಾಗಿಸುವಲ್ಲಿಗೇ ನಿಂತವು. ಸಹಿ ಹಾಕಲು ಕಲಿತವರಿಗೆ ಮುಂದೆ ಓದಲು ಏನು ಕೊಡಬೇಕೆಂದು ಯೋಚಿಸಿದವರು ಕಡಿಮೆ.

ಈಗ ಇನ್ನೊಂದು ಅವಕಾಶ ಬಂದಿದೆ. ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿವೆ. ಕಂಪ್ಯೂಟರ್ ಬಂದಿದೆ, ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗರು ಬರುತ್ತಿದ್ದಾರೆ. ಸಂತೋಷವೇ. ಆದರೆ ಗದ್ದೆ ಕೆಲಸ ಮುಗಿಸಿ ಬರುವ ಹೆಂಗಸಿಗೆ, ಪಡಿತರದ ನಿಯಮ ತಿಳಿಯಬೇಕಾದ ಅಜ್ಜನಿಗೆ ಅಲ್ಲೊಂದು ಕುರ್ಚಿ ಇದೆಯೇ? ಅವರಿಗೆ ಬಿಡುವಾಗುವ ಹೊತ್ತಿಗೆ ಬಾಗಿಲು ತೆರೆದಿರುತ್ತದೆಯೇ?

ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ. ನಿಮ್ಮ ಊರಿನ ಅರಿವು ಕೇಂದ್ರಕ್ಕೆ ವಾರಕ್ಕೊಂದು ಸಂಜೆ ಹೋಗಿ. ಸಂಜೆ ಬಾಗಿಲು ಮುಚ್ಚಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ತೆರೆದಿದ್ದರೆ, ಓದಲು ಬಾರದ ನಾಲ್ವರನ್ನು ಕೂರಿಸಿಕೊಂಡು ಒಂದು ಪುಸ್ತಕ ಗಟ್ಟಿಯಾಗಿ ಓದಿ.