ನಡುಮೈದಾನದ ಆಟಗಾರನ ಅನ್ನದ ಪ್ರಶ್ನೆ

ಜೋಶ್ ವಾಕರ್ ಎಂಬ ಇಂಗ್ಲಿಷ್ ಮಿಡ್‌ಫೀಲ್ಡರ್ 2014ರಲ್ಲಿ ಬೆಂಗಳೂರು ಎಫ್‌ಸಿ ಸೇರಿದಾಗ ಆ ಹೆಸರು ಕೇಳಿದ್ದವರು ಇಲ್ಲಿ ಕಡಿಮೆ. ಮಿಡಲ್ಸ್‌ಬರೊ ಕ್ಲಬ್ಬಿನಲ್ಲಿ ಬೆಳೆದು, ಸ್ಕಾಟ್ಲೆಂಡಿನ ಅಬರ್ಡೀನ್‌ಗೆ ಎರವಲಾಗಿ ಹೋಗಿ, ಇಪ್ಪತ್ತು ತುಂಬುವ ಮೊದಲೇ, 2008ರ ಫೆಬ್ರುವರಿಯಲ್ಲಿ, ಬಯರ್ನ್ ಮ್ಯೂನಿಕ್‌ನಂಥ ತಂಡದ ಮೇಲೆ ಗೋಲು ಹೊಡೆದ ಹುಡುಗ ಅವರು. ಅಲ್ಲಿಂದ ಮುಂದಿನ ದಾರಿ ಇಳಿಜಾರು: ವಾಟ್ಫರ್ಡ್, ಸ್ಕನ್‌ಥಾರ್ಪ್, ಕಡೆಗೆ ಐದನೇ ಹಂತದಲ್ಲಿದ್ದ ಗೇಟ್ಸ್‌ಹೆಡ್. ಬೆಂಗಳೂರಿಗೆ ಬಂದ ಮೇಲೆ 2015ರ ಜನವರಿಯಲ್ಲಿ ಫೆಡರೇಷನ್ ಕಪ್ ಗೆದ್ದ ತಂಡದಲ್ಲಿದ್ದರು. ಆ ತಂಡದ ಕೋಚ್ ಆ್ಯಷ್ಲಿ ವೆಸ್ಟ್‌ವುಡ್ ಕೂಡ ನಾರ್ತಾಂಪ್ಟನ್, ರೆಕ್ಸಮ್‌ನಂಥ ಊರುಗಳಲ್ಲಿ ಆಡಿ ಬಂದವರೇ. ಇವರಿಬ್ಬರದನ್ನೂ ತಾರೆಯಾಗದವರ ಕಥೆ ಎಂದು ಬದಿಗಿಡಬಹುದು. ನನಗೆ ಕಾಣುವುದು ಬೇರೆ: ತಾರೆಯಾಗದಿದ್ದರೂ ಅವರು ಆಟಗಾರರಾಗಿಯೇ ಉಳಿದರು. ಪ್ರೀಮಿಯರ್ ಲೀಗಿನ 20, ಅದರ ಕೆಳಗಿನ ಮೂರು ಹಂತಗಳ 72, ಹೀಗೆ 92 ಕ್ಲಬ್ಬುಗಳು ಇಂಗ್ಲೆಂಡಿನಲ್ಲಿ ಸಂಬಳ ಕೊಡುತ್ತವೆ. ಐದನೇ ಹಂತದಲ್ಲೂ ಬಹುಪಾಲು ಕ್ಲಬ್ಬುಗಳು ವೃತ್ತಿಪರವೇ. ಒಂದು ನಾಡಿನ ಫುಟ್‌ಬಾಲ್ ಗಟ್ಟಿಯಾಗಿದೆಯೇ ಎಂದು ತಿಳಿಯಲು ಅಲ್ಲಿಯ ಅತ್ಯುತ್ತಮ ಆಟಗಾರನನ್ನು ನೋಡಿದರೆ ಸಾಲದು, ಸಾಧಾರಣ ಆಟಗಾರ ಮೂವತ್ತರ ವಯಸ್ಸಿನಲ್ಲಿ ಏನು ಮಾಡುತ್ತಿದ್ದಾನೆ ಎಂದು ನೋಡಬೇಕು.

ಈ ಅಳತೆಗೋಲು ಹಿಡಿದರೆ ಕರ್ನಾಟಕ ಹಿಂದೆ ಈಗಿನಷ್ಟು ಬಡವಾಗಿರಲಿಲ್ಲ. ಮೈಸೂರು ರಾಜ್ಯ 1946-47ರಿಂದ 1968-69ರವರೆಗೆ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು. ಇಲ್ಲಿಯ ಹಾಫ್‌ಬ್ಯಾಕ್ ಕೆಂಪಯ್ಯ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ಭಾರತ ತಂಡದಲ್ಲಿದ್ದರು. 1977ರಲ್ಲಿ ಮೊಟ್ಟಮೊದಲ ಫೆಡರೇಷನ್ ಕಪ್ಪನ್ನು ಮೋಹನ್ ಬಾಗಾನನ್ನು ಸೋಲಿಸಿ ಎತ್ತಿದ್ದು ಯಾವ ಶ್ರೀಮಂತ ಕ್ಲಬ್ಬೂ ಅಲ್ಲ, ಟೆಲಿಫೋನ್ ತಯಾರಿಸುತ್ತಿದ್ದ ಐಟಿಐ ಕಾರ್ಖಾನೆಯ ತಂಡ. ಎಚ್‌ಎಎಲ್ ತಂಡವಂತೂ 2010ರ ಹೊತ್ತಿಗೂ ಐ-ಲೀಗ್ ಆಡುತ್ತಿತ್ತು. ಕಾಲ್ಚೆಂಡು ಬಲ್ಲ ಹುಡುಗನಿಗೆ ಕಾರ್ಖಾನೆ ನೌಕರಿ ಕೊಡುತ್ತಿತ್ತು. ಬೆಳಿಗ್ಗೆ ಅಭ್ಯಾಸ, ಆಮೇಲೆ ಡ್ಯೂಟಿ, ತಿಂಗಳ ಕೊನೆಗೆ ಸಂಬಳ, ಮೊಣಕಾಲು ಕೆಟ್ಟ ಮೇಲೂ ನೌಕರಿ, ಪಿ.ಎಫ್. ಇಂಗ್ಲೆಂಡಿನಲ್ಲಿ ಕೆಳಗಿನ ಡಿವಿಷನ್‌ಗಳು ಮಾಡಿದ ಕೆಲಸವನ್ನು ಇಲ್ಲಿ ಸಾರ್ವಜನಿಕ ವಲಯದ ಹಾಜರಿ ಪುಸ್ತಕ ಮಾಡುತ್ತಿತ್ತು. ಅದನ್ನು ನಾವು ಕ್ರೀಡಾ ವ್ಯವಸ್ಥೆ ಎಂದು ಎಂದೂ ಕರೆಯಲಿಲ್ಲ. ಆದ್ದರಿಂದಲೇ ಅದು ಕರಗಿದಾಗ ಯಾರೂ ಪ್ರತಿಭಟಿಸಲಿಲ್ಲ.

ಕೋಲಾರದ ಚಿನ್ನದ ಗಣಿಗಳ ಊರಾದ ಕೆಜಿಎಫ್‌ನಲ್ಲಿ ಈ ಕರಗುವಿಕೆ ಕಣ್ಣಿಗೆ ರಾಚುವಂತಿದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿನಿಂದ ಆಸ್ಪತ್ರೆ, ಶಾಲೆ, ಮನೆ, ಮೈದಾನ ಎಲ್ಲವೂ ಗಣಿಯ ನೆರಳಲ್ಲೇ ಬೆಳೆದವು. ಊರಿಗಾಂನಿಂದ ಮಾರಿಕುಪ್ಪಂವರೆಗಿನ ಕಾರ್ಮಿಕ ಲೈನುಗಳಲ್ಲಿ ಬದುಕಿಗೂ ಕಂಪನಿಗೂ ನಡುವೆ ಗೆರೆ ಇರಲಿಲ್ಲ. ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಅಂದಿನಿಂದ ಇಲ್ಲಿಯ ಯುವಕರ ದಿನಚರಿ ಬಂಗಾರಪೇಟೆ ಮಾರ್ಗವಾಗಿ ಬೆಂಗಳೂರಿಗೆ ಹೋಗುವ ರೈಲಿನ ವೇಳಾಪಟ್ಟಿಗೆ ಬಿದ್ದಿದೆ. ನಸುಕಿಗೆ ಹೊರಟು ಕತ್ತಲಾದ ಮೇಲೆ ಮರಳುವವನಿಗೆ ಅಭ್ಯಾಸಕ್ಕೆ ಸಿಗುವುದು ಭಾನುವಾರ ಮಾತ್ರ. ಅವನಲ್ಲಿ ವಾಕರ್‌ಗಿದ್ದಷ್ಟೇ ಕಾಲ್ಚಳಕವಿದ್ದರೂ ಇಪ್ಪತ್ತೆರಡಕ್ಕೆ ಬೂಟು ಕಳಚಿಡುತ್ತಾನೆ, ಏಕೆಂದರೆ ಅವನ ಏಣಿಯಲ್ಲಿ ಕೆಳಗಿನ ಮೆಟ್ಟಿಲೂ ತುದಿಯ ಮೆಟ್ಟಿಲೂ ಇವೆ, ನಡುವಿನವು ಇಲ್ಲ.

ಈಗ ಆಕ್ಷೇಪಗಳು. ಬೆಂಗಳೂರು ಎಫ್‌ಸಿ ಇದೆಯಲ್ಲ, ಅದರ ಅಕಾಡೆಮಿ ಇದೆಯಲ್ಲ ಎನ್ನುವುದು ಮೊದಲನೆಯದು. 2013ರಲ್ಲಿ ಹುಟ್ಟಿದ ಈ ಕ್ಲಬ್ ಮೊದಲ ವರ್ಷವೇ ಐ-ಲೀಗ್ ಗೆದ್ದದ್ದು, 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದದ್ದು ಸಣ್ಣ ಮಾತಲ್ಲ. ಆದರೆ ಒಂದೇ ಕ್ಲಬ್ಬಿನ ಮೇಲೆ ನಿಂತ ವೃತ್ತಿಯ ಗತಿ ಏನೆಂಬುದು 2025ರ ಆಗಸ್ಟ್‌ನಲ್ಲಿ ಗೊತ್ತಾಯಿತು: ಐಎಸ್‌ಎಲ್ ನಡೆಯುವುದೇ ಅನಿಶ್ಚಿತವಾದಾಗ ಅದೇ ಕ್ಲಬ್ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಅಲ್ಲಿಯೇ ಹೀಗಾದರೆ ಅಲ್ಲಿಗೆ ತಲುಪದವನ ಪಾಡು ಹೇಳಬೇಕಿಲ್ಲ. ಎರಡನೆಯ ಆಕ್ಷೇಪ ಇನ್ನೂ ಚೂಪು: ಇಂಗ್ಲೆಂಡಿನ ಸಣ್ಣ ಕ್ಲಬ್ಬುಗಳೇ ದಿವಾಳಿಯಾಗುತ್ತಿವೆ, ಅದನ್ನೇಕೆ ಮಾದರಿ ಮಾಡಬೇಕು? ನಿಜ, ಬೆರಿ ಎಂಬ ಕ್ಲಬ್ 2019ರಲ್ಲಿ ಲೀಗಿನಿಂದ ಹೊರಬಿತ್ತು, ಮ್ಯಾಕಲ್ಸ್‌ಫೀಲ್ಡ್ ಟೌನ್ ಮರುವರ್ಷ ಮುಚ್ಚಿತು. ಆದರೆ ಅಲ್ಲಿ ಕ್ಲಬ್ ಬಿದ್ದಾಗ ಆಟಗಾರ ಕೆಲಸ ಕೇಳಲು ಪಕ್ಕದ ಊರಲ್ಲಿ ಇನ್ನೊಂದು ಕ್ಲಬ್ ಇರುತ್ತದೆ, ಅವನ ಪರ ಮಾತಾಡಲು 1907ರಲ್ಲಿ ಕಟ್ಟಿದ ಆಟಗಾರರ ಸಂಘವಿರುತ್ತದೆ. ವಾರಕ್ಕೆ 20 ಪೌಂಡ್‌ಗಿಂತ ಹೆಚ್ಚು ಕೊಡಬಾರದೆಂಬ ಮಿತಿಯನ್ನು 1961ರಲ್ಲಿ ಮುರಿದದ್ದು ಈ ಸಂಘವೇ, ಮಾಲೀಕರ ಔದಾರ್ಯವಲ್ಲ.

ಸರ್ಕಾರಿ ಕಾರ್ಖಾನೆಗಳ ಕೆಲಸ ಫುಟ್‌ಬಾಲ್ ಅಲ್ಲ, ತೆರಿಗೆದಾರನ ದುಡ್ಡಿನಲ್ಲಿ ಚೆಂಡು ಒದೆಯುವುದೇಕೆ ಎಂಬ ಮೂರನೆಯ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಹಳೆಯ ಖಾಯಂ ನೌಕರಿ ಮರಳಿ ಬರುವುದಿಲ್ಲ, ಬರಬೇಕೆಂದು ಹಟ ಹಿಡಿಯುವುದೂ ವ್ಯರ್ಥ. ಹಾಗಿದ್ದರೆ ಕೋಲಾರದ ಹೊಸ ದುಡ್ಡು ಎಲ್ಲಿದೆ? ನರಸಾಪುರದಲ್ಲಿದೆ. ಅಲ್ಲಿ ಹೋಂಡಾ ಸ್ಕೂಟರ್ ಮಾಡುತ್ತದೆ, ವಿಸ್ಟ್ರಾನ್‌ನಿಂದ ಟಾಟಾ ಕೈಗೆ ಬಂದ ಘಟಕ ಐಫೋನ್ ಜೋಡಿಸುತ್ತದೆ. ಅದೇ ಜಿಲ್ಲೆಯಲ್ಲಿ ಕೆಜಿಎಫ್‌ನ ಬೆಮೆಲ್ ಕಾರ್ಖಾನೆ ಇದೆ. 2013ರ ಕಂಪನಿ ಕಾಯ್ದೆ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣವನ್ನು ಕ್ರೀಡಾ ತರಬೇತಿಗೆ ಬಳಸಲು ಬಿಡುತ್ತದೆ. ಕಂಪನಿಯ ಸ್ವಂತ ತಂಡಕ್ಕೆ ಸಂಬಳ ಕೊಡುವುದು ಅದರಲ್ಲಿ ಸೇರದು, ಅದನ್ನು ಕಂಪನಿಗಳು ತಮ್ಮ ಲೆಕ್ಕದಲ್ಲೇ ಹೊರಬೇಕು. ಸಾಮಾನ್ಯ ಕಾರ್ಮಿಕನಿಗೇ ಗುತ್ತಿಗೆಯ ಕೂಲಿ ಸರಿಯಾಗಿ ಸಿಗದೆ 2020ರ ಡಿಸೆಂಬರ್‌ನಲ್ಲಿ ನರಸಾಪುರದ ಆ ಐಫೋನ್ ಘಟಕದಲ್ಲೇ ಗಲಭೆ ಭುಗಿಲೆದ್ದಿರುವಾಗ ಆಟಗಾರನಿಗೆ ಯಾರು ಕೊಟ್ಟಾರು ಎಂದರೆ, ಪ್ರಶ್ನೆ ನ್ಯಾಯವಾದದ್ದೇ. ಆದರೆ ನಾನು ಕೇಳುತ್ತಿರುವುದು ಖಾಯಂ ಹುದ್ದೆಯನ್ನಲ್ಲ. ಇಂಗ್ಲೆಂಡಿನ ನಾಲ್ಕನೇ ಹಂತದ ಮಿಡ್‌ಫೀಲ್ಡರ್ ಕೂಡ ಒಂದೆರಡು ವರ್ಷದ ಒಪ್ಪಂದದ ಮೇಲೆಯೇ ಆಡುತ್ತಾನೆ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕಾರ್ಖಾನೆಗಳ ನಡುವೆ ಎಂಟು ತಂಡಗಳ ಲೀಗ್, ತಂಡಕ್ಕೆ ಇಪ್ಪತ್ತು ಆಟಗಾರರು, ಅವರಿಗೆ ಲಿಖಿತ ಒಪ್ಪಂದ, ಅರ್ಧ ದಿನದ ಕೆಲಸ, ಕಾಲು ಮುರಿದರೆ ವಿಮೆ. 160 ಜನರ ಲೆಕ್ಕವಿದು, ಇಂಥ ಕಾರ್ಖಾನೆಗಳಿಗೆ ಹೊರಲಾಗದ ಭಾರವಲ್ಲ. ರಾಜ್ಯ ಫುಟ್‌ಬಾಲ್ ಸಂಸ್ಥೆ ಅದಕ್ಕೆ ಬೆಂಗಳೂರಿನ ಸೂಪರ್ ಡಿವಿಷನ್‌ಗೆ ಬಡ್ತಿಯ ಬಾಗಿಲು ತೆರೆಯಬೇಕು, ಪಂದ್ಯಗಳನ್ನು ಶಿಫ್ಟ್ ಮುಗಿದ ಮೇಲೆ ಆಡಿಸಲು ಕೆಜಿಎಫ್‌ನ ಒಂದು ಮೈದಾನಕ್ಕಾದರೂ ದೀಪ ಹಾಕಿಸಬೇಕು.